ಹಗಲುವೇಷದ ಮ್ಯಾಕ್

ಆಳಂದ ಕಡೆಯಿಂದ ಒಂದು ಭಜನಾ ಮೇಳ ತತ್ವಪದ ರೆಕಾರ್ಡ್ ಮಾಡಿಸಲು ಬಂದಿತ್ತು. ಹಾರ್ಮೋನಿಯಂ, ತಬಲಾ, ದಮ್ಮಡಿ, ಏಕತಾರಿ, ಜೊತೆಗೆ ನಾಲ್ಕೈದು ಕಂಠ. ಮುಂದೆ ಕೂತು ಹಾಡುವ ಮುತ್ಯಾರ ಕಿವಿಗೆ ಹೆಡ್‌ಫೋನ್ ಹಾಕಿ ರೆಕಾರ್ಡ್ ಒತ್ತಿದೆ. ಎರಡು ಸಾಲು ಆಗುವಷ್ಟರಲ್ಲಿ ಅವರು ನಿಲ್ಲಿಸಿಬಿಟ್ಟರು. "ತಮ್ಮಾ, ನಾ ಮುಂದ ಹಾಡ್ಲತ್ತೀನಿ, ನನ್ನ ಆವಾಜ್ ಹಿಂದಿಂದ ಬರ್ಲತ್ತದಲ್ಲೋ. ಯಾರೋ ಅಣಕಿಸಿದಂಗ ಆಗ್ಲತ್ತದ."

ಮುತ್ಯಾ ಹೇಳಿದ್ದು ನೂರಕ್ಕೆ ನೂರು ಸರಿ. ಮೈಕಿನಿಂದ ಒಳಗೆ ಹೋದ ದನಿ ಕಂಪ್ಯೂಟರಿನಲ್ಲಿ ಸುತ್ತಾಡಿ ಹೆಡ್‌ಫೋನಿಗೆ ವಾಪಸ್ ಬರುವಷ್ಟರಲ್ಲಿ ತಡವಾಗುತ್ತಿತ್ತು. ಈ ತಡಕ್ಕೆ ರೆಕಾರ್ಡಿಂಗ್ ಮಾಡುವವರು ಲೇಟೆನ್ಸಿ ಅಂತಾರೆ. ಅದರ ಹಿಂದೆ ಬಿದ್ದೇ ನಾನು ಹ್ಯಾಕಿಂಟಾಶ್‌ಗೆ ಬಂದು ಮುಟ್ಟಿದ್ದು. ಹ್ಯಾಕಿಂಟಾಶ್ ಅಂದರೆ ಬೇರೇನಲ್ಲ: ಅಂಗಡಿಯಲ್ಲಿ ಸಿಗುವ ಬಿಡಿಭಾಗ ಜೋಡಿಸಿ ಮಾಡಿದ ಕಂಪ್ಯೂಟರಿನಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಓಡಿಸುವುದು. ಕಲಬುರಗಿಯಲ್ಲಿ ಮನೆಯಲ್ಲೇ ಸ್ಟುಡಿಯೋ ಇಟ್ಟುಕೊಂಡ ಹುಡುಗರು ಈಗಲೂ ಕೇಳುತ್ತಾರೆ: "ಅಣ್ಣಾ, ನಂದೂ ಹಂಗೇ ಮಾಡಿಕೊಡ್ರಿ." ಮಾಡಿಕೊಡುವ ಮೊದಲು ಅದು ಹೇಗೆ ನಡೆಯುತ್ತದೆ ಅಂತ ಹೇಳಬೇಕಾಗುತ್ತದೆ. ಪ್ರತಿ ಸಲ ಚಹಾ ತಣ್ಣಗಾಗುತ್ತದೆ. ಅದಕ್ಕೇ ಬರೆದುಬಿಡೋಣ ಅನಿಸಿತು.

ಮೊದಲು ಆ ತಡದ ವಿಷಯ. ದನಿ ಕಂಪ್ಯೂಟರಿಗೆ ನೀರಿನ ಧಾರೆಯ ಹಾಗೆ ಹೋಗುವುದಿಲ್ಲ, ತುಣುಕು ತುಣುಕಾಗಿ ಹೋಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ತುಣುಕು. ಒಂದೊಂದನ್ನೇ ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಗುಂಪು ಕಟ್ಟಿ ಕಳಿಸುತ್ತಾರೆ. ಆ ಗುಂಪಿನ ಅಳತೆಯೇ ಬಫರ್. ನಮ್ಮ ಕಡೆಯ ಟಂಟಂ ನೆನಪಿಸಿಕೊಳ್ಳಿ. ಸೀಟು ತುಂಬುವ ತನಕ ಡ್ರೈವರ್ ಹೊರಡುವುದಿಲ್ಲ, ಅಲ್ವಾ? 1024 ಸೀಟಿನ ಟಂಟಂ ತುಂಬಲು 21 ಮಿಲಿಸೆಕೆಂಡ್ ಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಒಟ್ಟು 43ರ ಹತ್ತಿರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಮುತ್ಯಾರಿಗೆ ತಮ್ಮ ದನಿ ಸುಮಾರು 15 ಮೀಟರ್ ದೂರದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ದೂರದ ಲೌಡ್‌ಸ್ಪೀಕರ್ ಒಂದು ತಾಳ ಹಿಂದೆ ಬಿದ್ದ ಹಾಗೆ ಕೇಳಿಸುತ್ತದಲ್ಲ, ಹಾಗೆ.

ಬಫರ್ 128ಕ್ಕೆ ಇಳಿಸಿದರೆ ಹೋಗಿ ಬರುವುದು ಸುಮಾರು 5 ಮಿಲಿಸೆಕೆಂಡ್. ಎದುರಿಗೆ ಕೂತವರು ಹಾಡಿದಷ್ಟೇ ದೂರ. ಆದರೆ ಸಣ್ಣ ಟಂಟಂ ಎಂಟು ಪಟ್ಟು ಟ್ರಿಪ್ ಹೊಡೆಯಬೇಕು. ಒಂದು ಟ್ರಿಪ್ ತಪ್ಪಿದರೂ ಕಿವಿಯಲ್ಲಿ 'ಟಿಕ್' ಅನ್ನುತ್ತದೆ. ಆಗ ನನ್ನ ಹತ್ತಿರ ಇದ್ದದ್ದು ವಿಂಡೋಸ್ ಲ್ಯಾಪ್‌ಟಾಪ್. 128ಕ್ಕೆ ಇಳಿಸಿದ ಕೂಡಲೇ ಹಂಚಿನ ಮೇಲೆ ಸಾಸಿವೆ ಸಿಡಿದ ಹಾಗೆ ಟಿಕ್ ಟಿಕ್ ಟಿಕ್.

ನಿಜ ಹೇಳಬೇಕೆಂದರೆ ಮುತ್ಯಾರ ಸಮಸ್ಯೆಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಆಡಿಯೋ ಇಂಟರ್‌ಫೇಸ್ ಮೇಲೆ, ಅಂದರೆ ನಾವು ಸುಮ್ನೆ ಸೌಂಡ್ ಕಾರ್ಡ್ ಅನ್ನುವ ಆ ಡಬ್ಬಿಯ ಮೇಲೆ, ಡೈರೆಕ್ಟ್ ಮಾನಿಟರ್ ಅಂತ ಒಂದು ಬಟನ್ ಇತ್ತು. ಅದನ್ನು ಒತ್ತಿದರೆ ದನಿ ಕಂಪ್ಯೂಟರಿಗೆ ಹೋಗದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆ ಬಟನ್ ಯಾತಕ್ಕೆ ಅಂತ ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ. ಆದರೆ ಹಾಗೆ ಬರುವ ದನಿ ಒಣ ದನಿ. ಸ್ವಲ್ಪ ಗುಂಗು ಇಲ್ಲದಿದ್ದರೆ ಹಾಡುವವರಿಗೆ ಮಜಾ ಬರುವುದಿಲ್ಲ. ಆ ಗುಂಗು, ರಿವರ್ಬ್, ಕಂಪ್ಯೂಟರಿನಲ್ಲೇ ಹುಟ್ಟಬೇಕು. ಹಾಗಾಗಿ ಕಡಿಮೆ ಬಫರಿನಲ್ಲಿ ಗಟ್ಟಿಯಾಗಿ ನಿಲ್ಲುವ ಮಷೀನ್ ಬೇಕೇ ಬೇಕಾಯಿತು.

ಮ್ಯಾಕ್ ಯಾಕೆ? ಎರಡು ಕಾರಣ. ಒಂದು, ಕೋರ್ ಆಡಿಯೋ. ಮ್ಯಾಕ್‌ಓಎಸ್‌ನಲ್ಲಿ ದನಿಯ ದಾರಿ ಸಿಸ್ಟಮ್ಮಿನ ಒಳಗೇ ಕಟ್ಟಿದ್ದು. ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮ ಪಾಲಿಸುವ ಯಾವ ಇಂಟರ್‌ಫೇಸ್ ಚುಚ್ಚಿದರೂ ಬೇರೆ ಡ್ರೈವರ್, ಅಂದರೆ ಆ ಡಬ್ಬಿಯನ್ನು ನಡೆಸುವ ಪ್ರೋಗ್ರಾಮ್, ಹಾಕದೆ ನಡೆಯುತ್ತದೆ. ಎರಡು ಇಂಟರ್‌ಫೇಸ್ ಸೇರಿಸಿ ಒಂದೇ ಅಂತ ತೋರಿಸಲೂಬಹುದು. ವಿಂಡೋಸ್‌ನ ಮಾಮೂಲಿ ದಾರಿ ನಿಧಾನದ್ದು. ಅದನ್ನು ಬಳಸಿ ಹೋಗಲು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎಎಸ್‌ಐಓ ಎಂಬ ಅಡ್ಡದಾರಿ ಮಾಡಿತು. ದಾರಿ ಚೆನ್ನಾಗಿದೆ. ಆದರೆ ಅದಕ್ಕೆ ಡ್ರೈವರ್ ಬರೆಯುವುದು ಆಯಾ ಇಂಟರ್‌ಫೇಸ್ ಮಾಡಿದವರು. ಅವರು ಚೆನ್ನಾಗಿ ಬರೆದರೆ ನಿಮ್ಮ ಪುಣ್ಯ.

ಎರಡನೆಯದು ಲಾಜಿಕ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮ್. ಇದು ಮೊದಲು ವಿಂಡೋಸ್‌ನಲ್ಲೂ ಸಿಗುತ್ತಿತ್ತು. ಎಮ್ಯಾಜಿಕ್ ಎಂಬ ಜರ್ಮನ್ ಕಂಪನಿಯದು. 2002ರಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡು ವಿಂಡೋಸ್ ಆವೃತ್ತಿ ನಿಲ್ಲಿಸಿತು. ಅಲ್ಲಿಂದ ಲಾಜಿಕ್ ಬೇಕು ಅಂದರೆ ಮ್ಯಾಕ್ ಬೇಕು. ನಿಮಗೆ ಲಾಜಿಕ್ಕೇ ಬೇಕು ಅಂತ ಇಲ್ಲವಾ? ಹಾಗಾದರೆ ಇಲ್ಲಿಗೇ ಓದು ನಿಲ್ಲಿಸಿ, ಒಳ್ಳೆ ಎಎಸ್‌ಐಓ ಡ್ರೈವರ್ ಇರುವ ಇಂಟರ್‌ಫೇಸ್ ತಗೊಂಡು ವಿಂಡೋಸ್‌ನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮ್ ಹಾಕಿಕೊಳ್ಳಿ. ಸಣ್ಣ ಸ್ಟುಡಿಯೋಗೆ ಅದರ ಲೈಸೆನ್ಸ್ 60 ಡಾಲರ್. ತಲೆನೋವಿಲ್ಲ.

ಇನ್ನೂ ಓದುತ್ತಿದ್ದೀರಿ ಅಂದರೆ ಲಾಜಿಕ್ ಬೇಕು ಅಂತಾಯಿತು.

ಆಪಲ್ 2006ರಲ್ಲಿ ತನ್ನ ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಹಾಕಲು ಶುರು ಮಾಡಿತು. ಅಂಗಡಿಯ ಪಿಸಿ ಒಳಗಿದ್ದದ್ದೂ ಇಂಟೆಲ್. ಗುಂಡಿಗೆ ಒಂದೇ ಆದ ಮೇಲೆ ಮ್ಯಾಕ್‌ಓಎಸ್ ಇದರಲ್ಲಿ ಯಾಕೆ ಓಡಬಾರದು? ಓಡುವುದಿಲ್ಲ, ಯಾಕೆಂದರೆ ಏಳುವಾಗಲೇ ಅದು ನಾಲ್ಕು ಪ್ರಶ್ನೆ ಕೇಳುತ್ತದೆ. ನೀನು ಯಾವ ಮಾಡೆಲ್? ಆಪಲ್‌ನ ಫ್ಯಾನ್, ವಿದ್ಯುತ್ ನೋಡಿಕೊಳ್ಳುವ ಎಸ್‌ಎಂಸಿ ಚಿಪ್ ಎಲ್ಲಿ? ನಿನ್ನ ಮೈಯಲ್ಲಿ ಏನೇನಿದೆ? ಅವುಗಳ ಡ್ರೈವರ್ ನನ್ನ ಹತ್ತಿರ ಇವೆಯಾ? ಈ ನಾಲ್ಕಕ್ಕೂ ಒಂದಕ್ಕೊಂದು ಹೊಂದುವಂಥ ಸುಳ್ಳು ಹೇಳುವುದೇ ಹ್ಯಾಕಿಂಟಾಶ್ ವಿದ್ಯೆ. ಹಗಲುವೇಷದವರನ್ನು ನೋಡಿದ್ದೀರಲ್ಲ? ಹಟ್ಟಿಗೆ ಬಂದು ನಿಂತಾಗ ಮೀಸೆ, ಮಾತು, ನಡಿಗೆ ಮೂರೂ ಕೂಡಿ ಬರಬೇಕು. ಮೀಸೆ ಒಂದು ಪಾತ್ರದ್ದು, ಮಾತು ಇನ್ನೊಂದರದ್ದು ಆದರೆ ಹುಡುಗರೂ ನಗುತ್ತಾರೆ.

ಈಗ ಈ ವೇಷ ಕಟ್ಟುವ ಪ್ರೋಗ್ರಾಮ್ ಹೆಸರು ಓಪನ್‌ಕೋರ್. ಮೊದಲು ಕ್ಲೋವರ್ ಇತ್ತು, ಅದಕ್ಕೂ ಮೊದಲು ಕಮೀಲಿಯನ್, ಅಂದರೆ ಊಸರವಳ್ಳಿ. ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ! ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಡಿಸ್ಕಿನ ಇಎಫ್‌ಐ ಎಂಬ ಸಣ್ಣ ಭಾಗದಲ್ಲಿರುವ ಓಪನ್‌ಕೋರ್ ಅನ್ನು ಎಬ್ಬಿಸುತ್ತದೆ. ಓಪನ್‌ಕೋರ್ ತನ್ನ ಸುಳ್ಳುಗಳನ್ನೆಲ್ಲ ಮೆಮೊರಿಯಲ್ಲಿ ಜೋಡಿಸಿಟ್ಟು ಆಮೇಲೆ ಮ್ಯಾಕ್‌ಓಎಸ್ ಅನ್ನು ಕರೆಯುತ್ತದೆ. ಡಿಸ್ಕಿನಲ್ಲಿರುವ ಮ್ಯಾಕ್‌ಓಎಸ್ ಅನ್ನು ಅದು ಮುಟ್ಟುವುದಿಲ್ಲ. ಹಳೆಯ ವಿಧಾನಗಳಿಗಿಂತ ಇದು ಎಷ್ಟೋ ಒಳ್ಳೆಯದು.

ಮೊದಲ ಪ್ರಶ್ನೆಗೆ ಉತ್ತರ ಎಸ್‌ಎಂಬಯೋಸ್, ಅಂದರೆ ಗುರುತಿನ ಚೀಟಿ. ನನ್ನ ಮಷೀನಿನಲ್ಲಿ ಇರುವುದು 10ನೇ ತಲೆಮಾರಿನ ಇಂಟೆಲ್ ಐ5. ಅದಕ್ಕೆ 'ಐಮ್ಯಾಕ್ 20,1' ಅಂತ ಚೀಟಿ ಬರೆದಿದ್ದೇನೆ. 2020ರ 27 ಇಂಚಿನ ಐಮ್ಯಾಕ್‌ನಲ್ಲೂ ಅದೇ ತಲೆಮಾರಿನ ಪ್ರೊಸೆಸರ್ ಇದೆ, ಹಾಗಾಗಿ ನಂಬುತ್ತದೆ. ಎರಡನೆಯ ಪ್ರಶ್ನೆಗೆ ವರ್ಚುವಲ್‌ಎಸ್‌ಎಂಸಿ ಎಂಬ ಸಣ್ಣ ಫೈಲ್ ಇಲ್ಲದ ಚಿಪ್ಪಿನ ನಟನೆ ಮಾಡುತ್ತದೆ. ಇಂಥ ಫೈಲುಗಳಿಗೆ ಕೆಕ್ಸ್ಟ್ ಅಂತಾರೆ. ಇಲ್ಲೊಂದು ತಮಾಷೆ ಇದೆ. ಆ ಚಿಪ್ ನಿಜವೇ ಅಂತ ನೋಡುವ ಆಪಲ್‌ನ ಫೈಲಿನ ಹೆಸರೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್'. ಕಳ್ಳತನ ಮಾಡಬೇಡಪ್ಪಾ ಅಂತ ಬಾಗಿಲಿಗೇ ಬೋರ್ಡು.

ಮೂರನೆಯದು ಸ್ವಲ್ಪ ಆಳ. ಪ್ರತಿ ಮದರ್‌ಬೋರ್ಡಿನಲ್ಲೂ ಎಸಿಪಿಐ ಎಂಬ ಪಟ್ಟಿ ಇರುತ್ತದೆ. ಇದನ್ನು ನಾನು ಬೋರ್ಡಿನ ಪಹಣಿ ಅಂತ ಕರೆಯುತ್ತೇನೆ. ಯಾವ ಸರ್ವೆ ನಂಬರಿನಲ್ಲಿ ಏನಿದೆ, ಯಾರು ಉಳುತ್ತಿದ್ದಾರೆ ಅನ್ನುವ ಹಾಗೆ, ಗಡಿಯಾರ ಎಲ್ಲಿದೆ, ಯುಎಸ್‌ಬಿ ಎಲ್ಲಿದೆ, ಪ್ರೊಸೆಸರ್ ಯಾವ ಹೆಸರಿನಲ್ಲಿದೆ, ಎಲ್ಲ ಅದರಲ್ಲಿರುತ್ತದೆ. ಬೋರ್ಡ್ ಮಾಡಿದವರು ಇದನ್ನು ವಿಂಡೋಸ್ ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ. ಎಷ್ಟೋ ಹೊಸ ಬೋರ್ಡುಗಳಲ್ಲಿ ಹೊಸ ಬಗೆಯ ಗಡಿಯಾರ ಇರುತ್ತದೆ, ಮ್ಯಾಕ್‌ಓಎಸ್ ಹಳೆಯದನ್ನೇ ಹುಡುಕುತ್ತದೆ, ಸಿಗದಿದ್ದರೆ ಅಲ್ಲೇ ಕೂತುಬಿಡುತ್ತದೆ. ಆಗ ಪಹಣಿಗೆ ಒಂದು ತಿದ್ದುಪಡಿ ಹಾಳೆ ಅಂಟಿಸಬೇಕು. ಅದೇ ಎಸ್‌ಎಸ್‌ಡಿಟಿ. ಇನ್ನೊಂದು ಹಾಳೆ ಪ್ರೊಸೆಸರಿನ ವೇಗ ಏರಿಳಿಸಲು. ಆಡಿಯೋದವರಿಗೆ ಇದು ತುಂಬ ಮುಖ್ಯವಾಗಿತ್ತು. 2022ಕ್ಕೆ ಮೊದಲಿನ ಮ್ಯಾಕ್‌ಓಎಸ್‌ನಲ್ಲಿ ಇದಿಲ್ಲದಿದ್ದರೆ ಬೇಕಾದಾಗ ವೇಗ ಏರುತ್ತಿರಲಿಲ್ಲ, ಬೇಡವಾದಾಗ ಇಳಿಯುತ್ತಿರಲಿಲ್ಲ. ಮೇ ತಿಂಗಳಲ್ಲಿ ನಮ್ಮೂರು 42 ಡಿಗ್ರಿ ದಾಟಿದಾಗ, ರೆಕಾರ್ಡಿಂಗ್ ಅಂತ ಕೂಲರ್ ಬೇರೆ ಬಂದ್ ಮಾಡಿರುತ್ತೀರಿ. ಆಗ ಸಿಪಿಯು ಫ್ಯಾನ್ ಕೂಗುವುದು ಏಕತಾರಿಗಿಂತ ಜೋರಾಗಿ ಮೈಕಿಗೆ ಬೀಳುತ್ತದೆ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಅಂಗಡಿಯಲ್ಲೇ ಕೊಡಬೇಕು, ಆಮೇಲೆ ಆಗುವುದಿಲ್ಲ. ಮ್ಯಾಕ್‌ಓಎಸ್‌ನಲ್ಲಿ ಡ್ರೈವರ್ ಇಲ್ಲದ ಭಾಗ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ. ಎನ್‌ವಿಡಿಯಾದ ಈಗಿನ ಗ್ರಾಫಿಕ್ಸ್ ಕಾರ್ಡುಗಳು ನಡೆಯುವುದಿಲ್ಲ. 2018ರ ಮ್ಯಾಕ್‌ಓಎಸ್ ಆವೃತ್ತಿ ಮೊಹಾವಿಯಿಂದಲೇ ಆ ಬಾಗಿಲು ಮುಚ್ಚಿದೆ. ಎಎಂಡಿಯ ಆರ್‌ಎಕ್ಸ್ 580, ಆರ್‌ಎಕ್ಸ್ 6600 ನಡೆಯುತ್ತವೆ, 7000 ಸರಣಿ ನಡೆಯುವುದಿಲ್ಲ. ಆಡಿಯೋಗೆ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ ಅನ್ನಿ. 8ರಿಂದ 10ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ನಲ್ಲಿ ಇರುವ ಯುಎಚ್‌ಡಿ 630 ಸಾಕು, ಫ್ಯಾನಿನ ಸದ್ದೂ ಒಂದು ಕಡಿಮೆ. 11ನೇ ತಲೆಮಾರು ತಗೊಂಡರೆ ಒಳಗಿನ ಗ್ರಾಫಿಕ್ಸ್‌ಗೆ ಡ್ರೈವರ್ ಇಲ್ಲ. ಎಎಂಡಿ ರೈಜನ್ ಪ್ರೊಸೆಸರ್ ಹಾಕಿ ಓಡಿಸುವವರೂ ಇದ್ದಾರೆ. ಅದಕ್ಕೆ ಕರ್ನಲ್‌ಗೇ, ಅಂದರೆ ಮ್ಯಾಕ್‌ಓಎಸ್‌ನ ತಿರುಳಿಗೇ, ತೇಪೆ ಹಾಕಬೇಕು. ಆಡಿಯೋ ಕೆಲಸಕ್ಕೆ ನಾನು ಬೇಡ ಅಂತೀನಿ.

ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಅದು ಅರ್ಧ ನಿಜ. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಹಾಕಿದ ಪ್ಲಗಿನ್‌ಗಳು, ಅಂದರೆ ರಿವರ್ಬ್‌ನಂಥ ಸಣ್ಣ ಪ್ರೋಗ್ರಾಮ್‌ಗಳು, ಒಂದರ ನಂತರ ಒಂದು ನಡೆಯಬೇಕು. ಹತ್ತು ಕೋರ್ ಇದ್ದರೂ ಆ ಸಾಲನ್ನು ಹಂಚಲು ಬರುವುದಿಲ್ಲ. ಆರು ಕೋರ್ ಇದ್ದು ಒಂದೊಂದೂ ಚುರುಕಾಗಿದ್ದರೆ ಭಜನಾ ಮೇಳಕ್ಕೆ ಧಾರಾಳ ಆಯಿತು. ಡಿಸ್ಕಿನ ಲೆಕ್ಕವೂ ಸುಲಭ: 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎಂಟು ಮೈಕ್ ಒಟ್ಟಿಗೆ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ 69 ಎಂಬಿ, ಗಂಟೆಗೆ 4 ಜಿಬಿ ಚಿಲ್ಲರೆ. ಯಾವ ಎಸ್‌ಎಸ್‌ಡಿಯಾದರೂ ತಡೆಯುತ್ತದೆ.

ನಾನು ಭಾಗಗಳನ್ನು ತಂದದ್ದು 2021ರಲ್ಲಿ, ಸಿಕಂದರಾಬಾದಿನ ಪಾರ್ಕ್ ಲೇನ್‌ನಿಂದ. ಕಲಬುರಗಿಯವರಿಗೆ ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಒಟ್ಟು ಖರ್ಚು 50 ಸಾವಿರದ ಆಸುಪಾಸು. ನನ್ನ ಮಷೀನ್ ಯಾವ ಐಮ್ಯಾಕ್‌ನ ವೇಷ ಹಾಕಿದೆಯೋ ಅದರ ಬೆಲೆ ಆಗ ಒಂದೂವರೆ ಲಕ್ಷದ ಮೇಲಿತ್ತು. ಈ ಅಂತರ ನೋಡಿಯೇ ಎಲ್ಲರೂ ಮರುಳಾಗುವುದು. ನಾನೂ ಆದೆ.

ಮೊದಲ ಎರಡು ರಾತ್ರಿ ಪರದೆಯ ಮೇಲೆ ಬಿಳಿ ಅಕ್ಷರ ಸರಸರ ಓಡಿ ಒಂದೇ ಸಾಲಿಗೆ ಬಂದು ನಿಲ್ಲುತ್ತಿತ್ತು: 'ಎಕ್ಸಿಟ್‌ಬಿಎಸ್ ಸ್ಟಾರ್ಟ್'. ಆಪಲ್‌ನ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿ ಕರ್ನಲ್ ಕೈಗೆ ಕೀಲಿ ಕೊಡುವ ಜಾಗ ಅದು. ಕೀಲಿ ಕೊಟ್ಟಿತು, ಆ ಕಡೆ ತಗೊಳ್ಳುವವರಿಲ್ಲ. ಕಾರಣ ಕೊನೆಗೆ ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್‌ಗಳಲ್ಲಿ, ಸಿಕ್ಕಿತು. ಸಿಎಫ್‌ಜಿ ಲಾಕ್ ಎಂಬ ಒಂದು ಬೀಗ ಹಾಗೇ ಇತ್ತು. ಪ್ರೊಸೆಸರಿನ ವಿದ್ಯುತ್ ನಿರ್ವಹಣೆಯ ಒಂದು ಕೋಣೆಗೆ ಮ್ಯಾಕ್‌ಓಎಸ್ ಬರೆಯಲು ಹೋಗುತ್ತದೆ. ಬೀಗ ಇದ್ದರೆ ಅಲ್ಲೇ ಸಾಯುತ್ತದೆ. ಓಪನ್‌ಕೋರ್ ಹಾಕುವ ಬಗೆ ಹೇಳುವ ಡೋರ್ಟಾನಿಯಾ ಎಂಬ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಬರೆದಿತ್ತು. ನಾನೇ ಪುಟ ಹಾರಿಸಿದ್ದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಯುಎಸ್‌ಬಿ. ಎಲ್ಲ ನಡೆಯುತ್ತಿದೆ ಅಂತ ಖುಷಿಯಲ್ಲಿ ಇಂಟರ್‌ಫೇಸ್ ಚುಚ್ಚಿದರೆ ಹಿಂದಿನ ಒಂದು ತೂತಿನಲ್ಲಿ ಕಾಣಿಸುತ್ತದೆ, ಪಕ್ಕದ್ದರಲ್ಲಿ ಇಲ್ಲ. ಪ್ಲಗಿನ್ ಲೈಸೆನ್ಸ್ ಇರುವ ಡಾಂಗಲ್ ಹಾಕಿದರೆ ಲೈಸೆನ್ಸೇ ಇಲ್ಲ ಅನ್ನುತ್ತದೆ. ಡಬ್ಬಿ ಕೆಟ್ಟಿದೆ ಅಂತ ಬೈದೆ. ಡಬ್ಬಿ ಸರಿಯಾಗಿಯೇ ಇತ್ತು. ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಎಣಿಸುತ್ತದೆ. ಹದಿನೈದು ತೂತು ನನ್ನ ಬೋರ್ಡಿನಲ್ಲಿ ಎಲ್ಲಿವೆ ಅನ್ನಬೇಡಿ. ನೀಲಿ ಬಣ್ಣದ ಒಂದೊಂದು ಯುಎಸ್‌ಬಿ 3 ತೂತು ಲೆಕ್ಕಕ್ಕೆ ಎರಡು: ಯುಎಸ್‌ಬಿ 2ರ ಹಳೆಯ ಸಾಮಾನಿಗೆ ಒಂದು, ಹೊಸದಕ್ಕೆ ಒಂದು. ಎಂಟು ತೂತಿಗೇ ಹದಿನಾರಾಯಿತು. ಹದಿನೈದರ ಆಚೆ ಬಿದ್ದದ್ದು ಮ್ಯಾಕ್‌ಓಎಸ್ ಕಣ್ಣಿಗೆ ಇಲ್ಲವೇ ಇಲ್ಲ.

ಪರಿಹಾರ ಬಹಳ ಸರಳ, ಬೇಜಾರಿನದು. ಒಂದು ಹಳೆಯ ಪೆನ್ ಡ್ರೈವ್, ಒಂದು ಹೊಸ ಪೆನ್ ಡ್ರೈವ್ ಹಿಡಿದು ಮೇಜಿನ ಕೆಳಗೆ ಕೂತೆ. ಪ್ರತಿ ತೂತಿಗೂ ಎರಡನ್ನೂ ಒಂದೊಂದಾಗಿ ಚುಚ್ಚಿ, ಯಾವ ನಂಬರ್ ಬೆಳಗುತ್ತದೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೇಡದ್ದನ್ನು ಬಿಟ್ಟು ಬೇಕಾದ ಹದಿನೈದನ್ನು ಆರಿಸಿ ಒಂದು ನಕ್ಷೆ ಮಾಡಿದೆ. ಇಂಟರ್‌ಫೇಸ್ ಹಾಕುವ ತೂತಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಆ ನಕ್ಷೆ ಹಾಕಿದ ಮೇಲೆ ರೆಕಾರ್ಡಿಂಗ್ ನಡುವೆ ಇಂಟರ್‌ಫೇಸ್ ಮಾಯವಾಗುವುದು ನಿಂತಿತು. ಬಫರ್ 128, ರಿವರ್ಬ್ ಜೊತೆ, ಒಂದು ಟಿಕ್ ಇಲ್ಲ. ಆಳಂದದ ಮುತ್ಯಾ ಮತ್ತೆ ಬಂದಾಗ ಮೂರು ಪದ ಒಂದೇ ಉಸಿರಿಗೆ ಹಾಡಿ, "ಈಗ ಸರಿ ಅದ ನೋಡು" ಅಂದರು.

ಮದರ್‌ಬೋರ್ಡಿನ ಸ್ವಂತ ಆಡಿಯೋ ಚಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಎಬ್ಬಿಸಲು ಆಪಲ್‌ಎಎಲ್‌ಸಿ ಎಂಬ ಕೆಕ್ಸ್ಟ್ ಇದೆ. ನಮಗೆ ಅದರ ಹಂಗಿಲ್ಲ, ನಮ್ಮ ದನಿ ಬರುವುದು ಹೋಗುವುದು ಯುಎಸ್‌ಬಿ ಡಬ್ಬಿಯಿಂದ. ವೈಫೈ ಇಲ್ಲದಿದ್ದರೂ ನಡೆಯುತ್ತದೆ, ಒಂದು ಕೇಬಲ್ ಎಳೆದರಾಯಿತು. ಹಾಗೆ ನೋಡಿದರೆ ಬೇರೆಯವರಿಗೆ ತಲೆಬಿಸಿ ಕೊಡುವ ಅರ್ಧ ಭಾಗ ಆಡಿಯೋದವರಿಗೆ ಬೇಕಾಗಿಯೇ ಇಲ್ಲ.

ಇನ್ನೊಂದು ಮಾತು, ವಿಷಯಕ್ಕೆ ಹೊರಗಿನದು. ನನ್ನ ಕೋಣೆಗೆ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಗೆ ಕಾಲಿಗೆ ತಂಪು, ಆದರೆ ದನಿಗೆ ಕನ್ನಡಿ ಇದ್ದ ಹಾಗೆ. ಚಪ್ಪಾಳೆ ಹೊಡೆದರೆ ಝಣ್ ಅನ್ನುತ್ತಿತ್ತು. ಅವ್ವ ಹೊಲಿದ ನಾಲ್ಕು ಕೌದಿ ಗೋಡೆಗೆ ತೂಗುಬಿಟ್ಟು, ನೆಲಕ್ಕೆ ಜಮಖಾನ ಹಾಸಿದೆ. 50 ಸಾವಿರದ ಮಷೀನ್ ಮಾಡದ ಬದಲಾವಣೆ ಆ ಕೌದಿಗಳು ಮಾಡಿದವು. ಅರ್ಥಿಂಗ್ ಸರಿ ಇಲ್ಲದೆ ಸ್ಪೀಕರಿನಲ್ಲಿ 50 ಹರ್ಟ್ಸ್ ಗುಂಯ್ ಅನ್ನುವುದಕ್ಕೂ ಮ್ಯಾಕ್‌ಓಎಸ್ ಹತ್ತಿರ ಮದ್ದಿಲ್ಲ. ಎಲೆಕ್ಟ್ರಿಷಿಯನ್‌ನನ್ನೇ ಕರೆಯಬೇಕು.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. ಮ್ಯಾಕ್‌ಓಎಸ್ ಹಾಕುವಾಗ ಓದದೆ ಒಪ್ಪುತ್ತೇವಲ್ಲ, ಆ ಒಪ್ಪಂದದಲ್ಲಿ ಆಪಲ್ ಹೆಸರಿನ ಕಂಪ್ಯೂಟರಿನಲ್ಲಿ ಮಾತ್ರ ಹಾಕಬೇಕು ಅಂತ ಇದೆ. ಅಮೆರಿಕದಲ್ಲಿ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಇಂಥ ಮಷೀನ್‌ಗಳನ್ನು ಮಾರಲು ಶುರು ಮಾಡಿತು. ಆಪಲ್ ಕೋರ್ಟಿಗೆ ಹೋಯಿತು. 2009ರಲ್ಲಿ ತೀರ್ಪು ಆಪಲ್ ಪರ ಬಂತು, 2011ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮನೆಯಲ್ಲಿ ಕಲಿಯಲು ಮಾಡಿಕೊಂಡರೂ ಒಪ್ಪಂದದ ಮಾತು ಅದೇ. ಬೋರ್ಡು ಹಾಕಿ, ಬಿಲ್ಲು ಕೊಟ್ಟು ದುಡಿಯುವ ಸ್ಟುಡಿಯೋ ಇದರ ಮೇಲೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿಯೇ ಯಾರಿಗೂ ದುಡ್ಡು ತಗೊಂಡು ಮಾಡಿಕೊಟ್ಟಿಲ್ಲ.

ಈಗ ಹೊಸದಾಗಿ ಮಾಡಬೇಕಾ? ಬೇಡ. ಇಷ್ಟು ಹೇಳಿ ಬೇಡ ಅಂತಾನಲ್ಲ ಅನ್ನಬೇಡಿ, ಲೆಕ್ಕ ನೋಡಿ. 2020ರ ಕೊನೆಯಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1 ಚಿಪ್ ಹಾಕಿತು. 2023ರ ಹೊತ್ತಿಗೆ ಎಲ್ಲ ಮ್ಯಾಕ್‌ಗಳೂ ಬದಲಾದವು. 2025ರಲ್ಲಿ ಬಂದ ಟಾಹೋ, ಅಂದರೆ ಮ್ಯಾಕ್‌ಓಎಸ್ 26, ಇಂಟೆಲ್ ಮೇಲೆ ನಡೆಯುವ ಕೊನೆಯದು ಅಂತ ಆಪಲ್ಲೇ ಹೇಳಿದೆ. ಆ ಟಾಹೋದಲ್ಲೂ ಹಳೆಯ ಆಡಿಯೋ ಚಿಪ್ಪುಗಳ ಡ್ರೈವರ್ ತೆಗೆದಿದ್ದಾರೆ, ಹಳೆಯ ಇಂಟರ್‌ಫೇಸ್ ಜೋಡಿಸುವ ಫೈರ್‌ವೈರ್ ಕೂಡ ಹೋಗಿದೆ. ಎಂ ಸರಣಿಯ ಚಿಪ್ಪಿನ ವೇಷ ಕಟ್ಟಲು ಬರುವುದಿಲ್ಲ. ಏಳುವ ವಿಧಾನ, ಗ್ರಾಫಿಕ್ಸ್, ಭದ್ರತೆಯ ಭಾಗ, ಎಲ್ಲವೂ ಆಪಲ್‌ನದೇ. ಅಂಥ ಬೋರ್ಡು ಯಾವ ಪಾರ್ಕ್ ಲೇನ್‌ನಲ್ಲೂ ಸಿಗುವುದಿಲ್ಲ. ಲಾಜಿಕ್‌ನಲ್ಲೂ ಹೊಸದು ಬರುತ್ತಿರುವುದು ಆ ಕಡೆಗೇ. ಒಂದೇ ಫೈಲಿನಿಂದ ಕಂಠ, ವಾದ್ಯ ಬೇರೆ ಮಾಡುವ ಸ್ಟೆಮ್ ಸ್ಪ್ಲಿಟರ್ ಆಪಲ್ ಚಿಪ್ ಇದ್ದರೆ ಮಾತ್ರ.

ಇನ್ನು ದುಡ್ಡು. 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿ 16 ಜಿಬಿ ರ‍್ಯಾಮ್ ಜೊತೆ 59,900 ರೂಪಾಯಿಗೆ ಶುರುವಾಯಿತು. ಒಳಗಿನ ಡಿಸ್ಕ್ 256 ಜಿಬಿ, ಸಣ್ಣದು. ಹೊರಗೆ ಒಂದು ಎಸ್‌ಎಸ್‌ಡಿ ಹಾಕಿಕೊಂಡರೆ ಆಯಿತು. ಅಂಗೈ ಅಗಲದ ಡಬ್ಬಿ, ಫ್ಯಾನ್ ಇದೆಯೋ ಇಲ್ಲವೋ ಗೊತ್ತಾಗದಷ್ಟು ಮೌನ. 2021ರಲ್ಲಿ ನಾನು ಉಳಿಸಿದ ಲಕ್ಷದ ಅಂತರ ಈಗ ಇಲ್ಲವೇ ಇಲ್ಲ. ಮನೆಯಲ್ಲಿ ಆಗಲೇ 8ರಿಂದ 10ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಧೂಳು ತಿನ್ನುತ್ತಾ ಬಿದ್ದಿದ್ದರೆ, ಎರಡು ವಾರದ ರಾತ್ರಿ ನಿಮ್ಮ ಹತ್ತಿರ ಇದ್ದರೆ, ಕಲಿಯಲು ಮಾಡಿ ನೋಡಿ. ಕಂಪ್ಯೂಟರ್ ಹೇಗೆ ಏಳುತ್ತದೆ ಅಂತ ಇಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ನನ್ನ ಮಷೀನ್ ಇನ್ನೂ ನಡೆಯುತ್ತಿದೆ, ಮ್ಯಾಕ್‌ಓಎಸ್‌ನ ಹಳೆಯ ಆವೃತ್ತಿ ವೆಂಚುರಾ ಮೇಲೆ. ಒಂದು ಸಲ ಮಾತ್ರ, ಮರುದಿನ ರೆಕಾರ್ಡಿಂಗ್ ಇಟ್ಟುಕೊಂಡು, ಓಪನ್‌ಕೋರ್ ಹೊಸದು ಮಾಡದೆ ಅಪ್‌ಡೇಟ್ ಒತ್ತಿದ್ದೆ. ತಪ್ಪು ಪೂರ್ತಿ ನನ್ನದು. ಬೆಳಿಗ್ಗೆ ಮಷೀನ್ ಏಳಲಿಲ್ಲ, ಚಿತ್ತಾಪುರದಿಂದ ಬಂದವರು ಉಪ್ಪಿಟ್ಟು ತಿಂದು ವಾಪಸ್ ಹೋದರು. ಅಂದಿನಿಂದ ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಸರಿಯಾಗಿ ನಡೆಯುವ ಇಎಫ್‌ಐ ಫೋಲ್ಡರಿನ ನಕಲು ಒಂದು ಪೆನ್ ಡ್ರೈವಿನಲ್ಲಿದೆ. ಬಾಗಿಲ ಹಿಂದಿನ ಮೊಳೆಗೆ, ಬೈಕಿನ ಚಾವಿ ಪಕ್ಕ, ಅದನ್ನು ದಾರ ಕಟ್ಟಿ ತೂಗುಹಾಕಿದ್ದೇನೆ. ಮೇಲೆ ಪೆನ್ನಿನಲ್ಲಿ ಬರೆದಿದೆ: 'ಮುಟ್ಟಬ್ಯಾಡ್ರಿ'.